ಗ್ರಹಣಕ್ಕೆ ನಿಲ್ಲುವ ಒನಕೆ

"ನೋಡ್ರೇ, ಎಲ್ಲಿದೆ ಗ್ರಹಣ?"

ಬೊಳ್ಳಮ್ಮ ಹಿಡಿದಿದ್ದ ಕೈ ತೆಗೆದಳು. ಹಿತ್ತಾಳೆ ತಟ್ಟೆಯ ನೀರಿನಲ್ಲಿ ಅಜ್ಜಿಯ ಒನಕೆ ಡ್ರಿಲ್ ಮೇಷ್ಟ್ರ ಹಾಗೆ ನೆಟ್ಟಗೆ ನಿಂತಿತ್ತು. ಮಟಮಟ ಮಧ್ಯಾಹ್ನ. ಗ್ರಹಣ ಇದ್ದದ್ದು ನಾಳೆ ಸಂಜೆ.

ಅಂಗಳದಲ್ಲಿದ್ದ ಕ್ಲಾಸಿನ ಹುಡುಗಿಯರು ಚಪ್ಪಾಳೆ ಹೊಡೆದರು. ಬೊಳ್ಳಮ್ಮ ಬೆನ್ನು ಬಗ್ಗಿಸಿ, ಬೊಚ್ಚುಬಾಯಿ ಮಾಡಿ, ಥೇಟು ಅಜ್ಜಿಯಾದಳು.

"ಮುಟ್‌ಬೇಡ್ರೇ ಮಕ್ಳಾ! ಗ್ರಹಣ ಹಿಡಿದಾಗ ಮಾತ್ರ ನಿಲ್ಲೋದು. ಬಿಟ್ಟ ಕೂಡ್ಲೇ ಧೊಪ್ಪ!"

ಬಿದ್ದು ಬಿದ್ದು ನಗುತ್ತಿದ್ದ ಕೆಂಚಿ ಥಟ್ಟನೆ ಬೊಳ್ಳಮ್ಮನ ತೋಳು ಜಗ್ಗಿದಳು. ಬಾಗಿಲಲ್ಲಿ ಪೂವಮ್ಮಜ್ಜಿ ನಿಂತಿದ್ದಳು.

"ಹೌದಲ್ಲೇ, ನಿಂತದೆ," ಎಂದಳು ಅಜ್ಜಿ. ಅಷ್ಟೇ. ಒಳಗೆ ಹೋದಳು.

ಅಜ್ಜಿ ಹತ್ತು ವರ್ಷದವಳಿದ್ದಾಗ, ಇಂಥದೇ ಒಂದು ಗ್ರಹಣದ ಸಂಜೆ, ಅವಳ ಅವ್ವ ಅವಳ ಕೈಯಲ್ಲಿ ಮೊದಲ ಸಲ ಒನಕೆ ನಿಲ್ಲಿಸಿದ್ದಳಂತೆ. "ಈ ಸಲ ನಿನ್ ಕೈಲಿ ನಿಲ್ಲಿಸ್ತೀನಿ," ಎಂದು ಅಜ್ಜಿ ಬೊಳ್ಳಮ್ಮನಿಗೆ ವಾರದಿಂದ ಹೇಳುತ್ತಿದ್ದಳು.

ಪ್ರತಿ ಗ್ರಹಣಕ್ಕೂ ಬೀದಿಯವರೆಲ್ಲ ಅಜ್ಜಿಯ ಅಂಗಳಕ್ಕೆ ಬರುತ್ತಿದ್ದರು. ಮರುದಿನ ಸಂಜೆ ಒಬ್ಬರೂ ಬರಲಿಲ್ಲ. "ಒನಕೆ ದಿನಾ ನಿಲ್ತದಂತೆ!" ಎಂದು ಕೆಂಚಿ ಸೋಮವಾರಪೇಟೆಗೆಲ್ಲ ಸಾರಿದ್ದಳು. ಎಲ್ಲರೂ ಸ್ಕೂಲಿನ ಫೀಲ್ಡಿಗೆ ಹೋದರು. ನಾಣಯ್ಯ ಮೇಷ್ಟ್ರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ ದುರ್ಬೀನು ತಂದಿದ್ದರು. ಬೊಳ್ಳಮ್ಮನೂ ಓಡಿದಳು.

ಚಂದ್ರ ಹಳೆ ತಾಮ್ರದ ಚೆಂಬಿನ ಬಣ್ಣಕ್ಕೆ ತಿರುಗಿತ್ತು.

"ಇದೇ ಗ್ರಹಣ ಹದಿನೆಂಟು ವರ್ಷ ಹನ್ನೊಂದು ದಿನಕ್ಕೆ ಮತ್ತೆ ಬರ್ತದೆ," ಎಂದರು ಮೇಷ್ಟ್ರು. "ಆದ್ರೆ ಎಂಟು ಗಂಟೆ ಲೇಟು! ನಮ್ಮೂರಿಗೆ ಇದೇ ಸಂಜೆ ಹೊತ್ತಿಗೆ ಬರ್ಬೇಕಾದ್ರೆ ಮೂರು ಸುತ್ತು ಆಗ್ಬೇಕು. ಐವತ್ತನಾಲ್ಕು ವರ್ಷ!"

"ಹಿಂದೆ ಯಾವಾಗ ಬಂದಿತ್ತು ಸಾರ್?"

"ಈಗ ಐವತ್ತೇಳನೇ ಇಸವಿ. ಕಳೆಯಮ್ಮ, ನೋಡೋಣ."

ಬೊಳ್ಳಮ್ಮ ಇಸವಿ ಕಳೆಯಲಿಲ್ಲ. ಅಜ್ಜಿಯ ಅರವತ್ತನಾಲ್ಕು ವರ್ಷದಲ್ಲಿ ಐವತ್ತನಾಲ್ಕು ಕಳೆದಳು. ಹತ್ತು ಉಳಿಯಿತು.

ದುರ್ಬೀನಿನ ಸರದಿ ಬಿಟ್ಟು ಮನೆಗೆ ಓಡಿದಳು.

ಅಂಗಳ ಖಾಲಿ. ತಟ್ಟೆ ಬೋರಲು ಬಿದ್ದಿತ್ತು. ಅಜ್ಜಿ ಜಗಲಿಯಲ್ಲಿ ಒಬ್ಬಳೇ ಕೂತಿದ್ದಳು.

"ನಿಲ್ಸಿಲ್ವಾ ಅಜ್ಜಿ?"

"ಯಾರಿಗೆ ಮಗಾ?"

ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಈಗ ನಿಲ್ಸೋಣ ಬಾ. ನಾನು ಹಿಡ್ಕೊಳ್ತೀನಿ."

"ಬಿಡ್ತಾ ಇದೆ ನೋಡು."

ಚಂದ್ರನ ಒಂದು ಅಂಚು ಬೆಳ್ಳಗಾಗಿತ್ತು.

"ನಿಮ್ಮ ಮೇಷ್ಟ್ರಿಗೆ ಎಲ್ಲಾ ಗೊತ್ತಲ್ಲ," ಎಂದಳು ಅಜ್ಜಿ. "ಇದು ಮತ್ತೆ ಹೀಗೇ ಬರೋದು ಯಾವಾಗಂತೆ?"

ಬೊಳ್ಳಮ್ಮನಿಗೆ ಉತ್ತರ ಗೊತ್ತಿತ್ತು. ಈ ಸಲ ಅಜ್ಜಿಯ ವಯಸ್ಸಿಗೆ ಐವತ್ತನಾಲ್ಕು ಕೂಡಿಸಿಯೂ ನೋಡಿದ್ದಳು.

"ಹೇಳ್ಲಿಲ್ಲ ಅಜ್ಜಿ," ಎಂದು ಅವಳಿಗೆ ಒತ್ತಿಕೊಂಡು ಕೂತಳು.