ತಿರುಳುಕೋಟೆಯ ಮೂರು ಬಾಗಿಲು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದ ಕಾಲದಲ್ಲಿ, ಸೋಗೆಪುರವೆಂಬ ರಾಜ್ಯವಿತ್ತು. ಅಲ್ಲಿಯ ಅರಮನೆಯ ಕೆಳಗೆ, ಹಣ್ಣಿನೊಳಗೆ ಬೀಜವಿದ್ದ ಹಾಗೆ, ಇನ್ನೊಂದು ಕೋಟೆ ಇತ್ತು. ಅದನ್ನು ತಿರುಳುಕೋಟೆ ಎನ್ನುತ್ತಿದ್ದರು. ರಾಜ್ಯದ ಕೆಲಸವೆಲ್ಲ ನಡೆಯುತ್ತಿದ್ದುದು ಅಲ್ಲಿಂದಲೇ. ಅಲ್ಲಿಯ ಒಂದು ಕೋಣೆ ಬೆಳಗನ್ನು ಎಬ್ಬಿಸುತ್ತಿತ್ತು. ಒಂದು ಕೋಣೆ ಹೊಲಗಳ ಮೇಲೆ ಗಾಳಿ ಬಿಡುತ್ತಿತ್ತು. ಒಂದು ಕೋಣೆ ಬಾವಿಗಳಿಗೆ ನೀರು ಏರಿಸುತ್ತಿತ್ತು.

ಕೋಣೆಗೆ ಕೆಲಸ ಹೇಳಲು ಓಲೆಕಾರರು ಹೋಗಬೇಕು. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊಸ್ತಿಲಲ್ಲಿ ಕಾಯಬೇಕು. ಹೋದವರು ಬರುವ ತನಕ ಕಾಯುವವರ ಕಾಲು ನೆಲ ಬಿಟ್ಟು ಏಳದು. ಅದು ಕೋಟೆಯ ಕಟ್ಟು. ಬಿಡಿಸಿಕೊಳ್ಳಲು ಒಂದೇ ದಾರಿ: 'ಇಲ್ಲಿಂದ ಮರಳುವವರಿಲ್ಲ' ಎಂದು ಕೋಟೆಯ ಹಾದಿ ಓದಬಲ್ಲ ಹಾದಿಗಾರ ಹೇಳಬೇಕು. ಮಾತು ನಿಜವಾದರೆ ಕಾಯುವವರ ಕಾಲು ಬಿಡುತ್ತದೆ. ಸುಳ್ಳಾದರೆ ಬಾಗಿಲು ಎಂದೆಂದಿಗೂ ಮುಚ್ಚಿಹೋಗುತ್ತದೆ, ಒಳಗಿದ್ದವರ ಆಯುಸ್ಸು ಮಾಯಗಾರ ಇಂಗಳಯ್ಯನಿಗೆ ಸೇರುತ್ತದೆ.

ಆ ಕೋಟೆಯನ್ನು ಕಟ್ಟಿದವನೇ ಇಂಗಳಯ್ಯ. ಕೊನೆಯ ಕಲ್ಲು ಇಟ್ಟ ದಿನ ಅವನು ಬಾಗಿಲುಗಳ ಮೇಲಿನ ಹೆಸರನ್ನೆಲ್ಲ ಅಳಿಸಿ ಒಳಗೆ ಸೇರಿಕೊಂಡ. ಹೆದರಿದ ಹಾದಿಗಾರರು ಅವಸರದಲ್ಲಿ ಆಡಿದ ಸುಳ್ಳು ಮಾತುಗಳನ್ನು ಉಂಡುಕೊಂಡು ಮೂರು ತಲೆಮಾರು ಬದುಕಿದ್ದ.

ಒಂದು ವರ್ಷ ಸೋಗೆಪುರದ ಬಾವಿಗಳು ಒಮ್ಮೆಲೇ ಬತ್ತಿದವು. ನೀರಿನ ಕೋಣೆಯನ್ನು ಹುಡುಕಿಕೊಂಡು ಇಳಿದ ಓಲೆಕಾರರು ಮೇಲೆ ಬರಲಿಲ್ಲ. ದೊರೆ ಬೊಮ್ಮರಸ ಹಾದಿಗಾರ ಕೇತಯ್ಯನನ್ನು ಕರೆಸಿದ. ಕೋಟೆಯ ಹಾದಿಗಳನ್ನು ಓದಿ ಬಟ್ಟೆಯ ಮೇಲೆ ಪಟ ಬರೆಯುವುದು ಕೇತಯ್ಯನ ಮನೆತನದ ಕೆಲಸ.

"ದನಗಳು ಬಾವಿಕಟ್ಟೆಯ ಕಲ್ಲು ನೆಕ್ಕುತ್ತಿವೆ, ಕೇತಯ್ಯ. ನೀರಿನ ಕೋಣೆ ಯಾವುದು?"

"ಕೆಳಗಿನ ಓಣಿಯ ಮೂರು ಬಾಗಿಲುಗಳಲ್ಲಿ ಒಂದು, ಒಡೆಯ. ಯಾವುದೆಂದು ತಿಳಿಯದು."

"ತಿಳಿದು ಬಾ."

ಕೇತಯ್ಯ ಹೊರಟ. ಅವನ ಹೆಂಡತಿ ಜಕ್ಕವ್ವ ಓಲೆಕಾರ್ತಿ. ದೊರೆಯ ಓಲೆಯನ್ನು ಸೆರಗಿಗೆ ಕಟ್ಟಿಕೊಂಡು ಅವಳೂ ಹೊರಟಳು.

"ನೀನು ಬರಬೇಡ, ಜಕ್ಕಿ."

"ಓಲೆ ನೀವು ಒಯ್ಯುತ್ತೀರಾ? ನಿಮ್ಮ ಓಟ ನಾನು ಕಂಡಿದ್ದೇನೆ."

ಇಬ್ಬರೂ ಇಳಿದರು. ಇಳಿದಷ್ಟೂ ಕೋಟೆ ದೊಡ್ಡದಾಗುತ್ತ ಹೋಯಿತು. ಕಂಬಗಳು ಉಸಿರಾಡುತ್ತಿದ್ದವು. ಮಲಗಿದ್ದ ಬೆಳಗು ಒಂದು ಕೋಣೆಯಲ್ಲಿ ಮಗ್ಗುಲು ಬದಲಿಸಿತು. ಕೇತಯ್ಯ ತಾನೇ ಪಟ ಬರೆದ ಓಣಿಗಳಲ್ಲಿ ಮೊದಲ ಸಲ ಬಂದವನ ಹಾಗೆ ಕತ್ತೆತ್ತಿ ನೋಡುತ್ತ ನಡೆದ.

ಮೊದಲನೆಯ ಬಾಗಿಲಲ್ಲಿ ಮುದಿ ಓಲೆಕಾರ ಬೂಚಯ್ಯ ಕಾಯುತ್ತಿದ್ದ. ಅವನ ಮೊಣಕಾಲ ತನಕ ಪಾಚಿ ಬೆಳೆದಿತ್ತು.

"ಬಾ ತಮ್ಮಾ, ಬಾ ತಂಗಿ. ಕೂತುಕೊಳ್ಳಿ ಅನ್ನೋಣವೆಂದರೆ ಇಲ್ಲಿ ಕೂರುವ ಭಾಗ್ಯ ನನಗೇ ಇಲ್ಲ."

ಕೇತಯ್ಯ ಪಟ ಬಿಡಿಸಿದ. ಜಕ್ಕವ್ವ ಪಟವನ್ನೂ ನೆಲವನ್ನೂ ನೋಡಿದಳು. "ಬಾಗಿಲಿನಿಂದ ಹೊರಗೆ ಹಾದಿ ಮುಂದುವರಿದ ಹಾಗೆ ಬರೆದಿದ್ದೀರಿ. ಎಲ್ಲಿದೆ ಹಾದಿ?"

ಕೇತಯ್ಯ ಬಗ್ಗಿ ನೋಡಿದ. ಕೋಟೆಯ ಪ್ರತಿ ಹೊಸ್ತಿಲ ಹೊರಗೂ ಒಂದು ಬಿಳಿಯ ಕಲ್ಲು ಇರುತ್ತಿತ್ತು. ಮರಳಿ ಬಂದವರು ಮೊದಲ ಹೆಜ್ಜೆ ಇಡುವುದು ಅದರ ಮೇಲೆ. ಅದಕ್ಕೆ ಬರವುಗಲ್ಲು ಎಂದು ಹೆಸರು. ಇಲ್ಲಿ ಆ ಕಲ್ಲು ಇರಲಿಲ್ಲ. ಹೊಸ್ತಿಲು ಮುಗಿದ ಕಡೆಯೇ ಪಕ್ಕದ ಕೋಣೆಯ ಕೆಂಪು ಅಡಿಪಾಯ ಶುರುವಾಗಿತ್ತು. ಹೋದವರು ಬಂದೇ ಬರುತ್ತಾರೆ ಎಂದು ಅವನ ಅಜ್ಜ ಕಲಿಸಿದ್ದ, ಅಪ್ಪ ಕಲಿಸಿದ್ದ. ಹಾಗಾಗಿ ಅವರೆಲ್ಲ ಕಣ್ಣುಮುಚ್ಚಿ ಬಾಗಿಲಾಚೆ ಗೆರೆ ಎಳೆದಿದ್ದರು, ಹಾಗೆ ಪಕ್ಕದ ಕೋಣೆಯನ್ನೂ ಸೇರಿಸಿ ಎರಡನ್ನೂ ಒಂದೆಂದು ಬರೆದಿದ್ದರು. ಯಾರೂ ಮರಳದ ಕಡೆ ಕಲ್ಲುಕುಟಿಗ ಕಲ್ಲನ್ನೇಕೆ ದಂಡ ಮಾಡುತ್ತಾನೆ?

ಕೇತಯ್ಯ ಬಾಗಿಲ ಜಾಲಂಧ್ರದ ಕಿಂಡಿಗೆ ಕಣ್ಣಿಟ್ಟ. ಒಳಗೆ ಒಂದು ಕಲ್ಲಿನ ಸಿಂಹ ಕೂತಿತ್ತು. ಅದರ ಕಣ್ಣಿನ ಬೆಳಕಿನಲ್ಲಿ ಕೋಣೆಯೆಲ್ಲ ಕಾಣುತ್ತಿತ್ತು. ಇದ್ದ ಒಂದೇ ಹಾದಿ ಅದರ ಮುಂಗಾಲುಗಳ ನಡುವೆ ಹೋಗಿ ನಿಂತಿತ್ತು. ಹೋದವರೆಲ್ಲ ಅಲ್ಲಿ ಕಲ್ಲಾಗಿ ನಿಂತಿದ್ದರು.

"ಇಲ್ಲಿಂದ ಮರಳುವವರಿಲ್ಲ," ಎಂದ ಕೇತಯ್ಯ.

ಬೂಚಯ್ಯನ ಕಾಲು ಪಾಚಿಯಿಂದ ಕಿತ್ತು ಬಂತು. ಅವನು ಹಿಗ್ಗಲಿಲ್ಲ. "ಗೊತ್ತಿತ್ತು ತಮ್ಮಾ," ಎಂದ. "ಯಾರಾದರೂ ಬಾಯಿಬಿಟ್ಟು ಹೇಳಲಿ ಎಂದು ನಿಂತಿದ್ದೆ."

ಎರಡನೆಯ ಬಾಗಿಲಲ್ಲಿ ಸಾಕಬ್ಬೆ ಎಂಬವಳು ನಗುನಗುತ್ತ ಕಾಯುತ್ತಿದ್ದಳು. "ಸದ್ದು ಕೇಳಿಸುತ್ತಾ? ನನ್ನ ತಮ್ಮ ಬರುತ್ತಿದ್ದಾನೆ."

ಬರವುಗಲ್ಲು ಇಲ್ಲಿಯೂ ಇರಲಿಲ್ಲ. ಜಾಲಂಧ್ರದಲ್ಲಿ ಕೇತಯ್ಯನಿಗೆ ಉರಿಯುವ ಕತ್ತುಗೂದಲಿನ ಕುದುರೆ ಕಂಡಿತು. ಅದು ಕೋಣೆಯನ್ನು ಸುತ್ತುತ್ತಿತ್ತು. ಬೆನ್ನ ಮೇಲಿದ್ದ ಹುಡುಗ ಬಾಗಿಲ ಹತ್ತಿರ ಬಂದಾಗೆಲ್ಲ ಕೈ ಬೀಸಿ "ಬಂದೆ ಅಕ್ಕಾ" ಎನ್ನುತ್ತಿದ್ದ, ಮತ್ತೆ ಹೊರಟುಹೋಗುತ್ತಿದ್ದ.

ಕೇತಯ್ಯ ಕುದುರೆಯ ಬೆಳಕಿನ ಹಿಂದೆಯೇ ಕಣ್ಣು ಹಾಯಿಸಿ ಇಡೀ ಸುತ್ತನ್ನು ಓದಿದ. ಎಲ್ಲಾದರೂ ಕವಲು ಇದೆಯೇ, ಒಂದು ಸಣ್ಣ ಕಿಂಡಿಯಾದರೂ ಇದೆಯೇ ಎಂದು ಹುಡುಕಿದ. ಹಾದಿ ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿತ್ತು.

"ಸಾಕಬ್ಬೆ..."

"ಮುಂದಿನ ಸುತ್ತಿಗೆ ಇಳಿಯುತ್ತಾನೆ, ನೋಡು."

ಕೇತಯ್ಯ ಮುಂದಿನ ಸುತ್ತನ್ನೂ ಅವಳ ಜೊತೆ ಕಾದ. ಆಮೇಲೆ ಮೆಲ್ಲಗೆ ಆ ಮಾತನ್ನೇ ಆಡಿದ. ಸಾಕಬ್ಬೆಯ ಕಾಲು ಬಿಟ್ಟಿತು. ಅವಳು ಮಾತ್ರ ಅಲ್ಲೇ ಕುಸಿದು ಕೂತು ಅತ್ತಳು. ಬೂಚಯ್ಯ ಅವಳ ಪಕ್ಕ ಕೂತುಕೊಂಡ.

ಮೂರನೆಯ ಬಾಗಿಲ ಹೊರಗೆ ಧೂಳು ಒರೆಸಿದಾಗ ಬರವುಗಲ್ಲು ಬೆಳ್ಳಗೆ ಕಂಡಿತು.

"ಇದೇ ನೀರಿನ ಕೋಣೆ," ಎಂದಳು ಜಕ್ಕವ್ವ. ಜಾಲಂಧ್ರದ ಆಚೆ ಬರೀ ಕತ್ತಲೆ. ದೀಪ ಒಳಗೆ ಹೋಗದೆ ಏನೂ ಕಾಣುವಂತಿರಲಿಲ್ಲ. ಅವಳು ದೀಪ ಹಿಡಿದು ಹೊಸ್ತಿಲು ದಾಟಿದಳು. ಕೇತಯ್ಯನ ಕಾಲು ನೆಲಕ್ಕೆ ಅಂಟಿತು.

ಆ ದೀಪದ ಬೆಳಕಿನಲ್ಲಿ ಅವನು ಕೋಣೆಯನ್ನು ಓದಿದ. ಹಾದಿ ಎರಡಾಗಿ ಕವಲೊಡೆದಿತ್ತು. ಎಡಗಡೆಯದು ಸಿಂಹದ ಕೋಣೆಗೆ ಇಳಿಯುತ್ತಿತ್ತು, ಬಲಗಡೆಯದು ಕುದುರೆಯ ಕೋಣೆಗೆ. ಬೇರೆ ಹಾದಿಯೇ ಇರಲಿಲ್ಲ. ಕೇತಯ್ಯ ಹೆಂಡತಿಯ ಹೆಸರು ಹಿಡಿದು ಕೂಗಿದ. ದೀಪ ಕವಲಿನ ಬಳಿ ಆರಿಹೋಯಿತು.

ಆಗ ಕತ್ತಲೆಯೊಳಗಿಂದ ಮೆತ್ತಗಿನ ದನಿ ಬಂತು. "ನಾನು ಇಂಗಳಯ್ಯ. ನಿನ್ನಂಥ ಹಾದಿಗಾರನನ್ನು ನಾನು ನೋಡಿರಲಿಲ್ಲ, ಮಗೂ. ಆ ಎರಡು ಕೋಣೆಗಳಿಂದ ಯಾರೂ ಬರುವುದಿಲ್ಲ ಎಂದವನು ನೀನೇ. ಅಲ್ಲಿಗೇ ಹೋಗುವ ಕೋಣೆಯಿಂದ ಯಾರು ಬರುತ್ತಾರೆ? ಹೇಳಿಬಿಡು. ಕಾಲು ಬಿಡಿಸಿಕೊಂಡು ಮನೆಗೆ ಹೋಗು."

ಕೇತಯ್ಯ ಮತ್ತೊಮ್ಮೆ ಲೆಕ್ಕ ಹಾಕಿದ. ಲೆಕ್ಕದಲ್ಲಿ ತಪ್ಪಿರಲಿಲ್ಲ. "ಹಾಗಾದರೆ ಈ ಬರವುಗಲ್ಲು?"

"ನಿನ್ನಂಥವರನ್ನು ಮರುಳು ಮಾಡಲು ನಾನೇ ಇಟ್ಟದ್ದು."

ಅವನ ಮಾಯೆಯಿಂದ ನೋಡುನೋಡುತ್ತಿದ್ದಂತೆ ಪಾಚಿ ಚಿಗುರಿ ಕೇತಯ್ಯನ ಹಿಮ್ಮಡಿ ಮುಚ್ಚಿತು. ದನಿ ಮತ್ತೆ ಬಂತು, ಮೊದಲಿಗಿಂತ ಅವಸರವಾಗಿ. "ಹೇಳು." ಪಾಚಿ ಮೊಣಕಾಲಿಗೆ ಬಂತು. "ಹೇಳು, ಮಗೂ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ." ಪಾಚಿ ಸೊಂಟಕ್ಕೆ ಬಂತು.

ಆಗ ಕೇತಯ್ಯ ನಿಧಾನವಾಗಿ ಕೇಳಿದ. "ಅವಳು ಹೇಗೂ ಬರಲಾರಳು ಎಂದರೆ ನಿನಗೇಕೆ ಇಷ್ಟು ಅವಸರ, ಅಜ್ಜಾ?"

"ಹೇಳು!" ಎಂದು ದನಿ ಕಿರುಚಿತು.

ಕೇತಯ್ಯನಿಗೆ ಮೂರನೆಯ ಹಾದಿ ಕಾಣಲಿಲ್ಲ. ತನಗೆ ಕಾಣದ ಹಾದಿ ಇರಬಲ್ಲದು ಎಂಬುದಷ್ಟೇ ಕಂಡಿತು. ಅವನು ಪಟವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಿಳಿಯ ಕಲ್ಲನ್ನೇ ನೋಡುತ್ತ ನಿಂತ. ಇಂಗಳಯ್ಯ ಬೈದ, ಗೋಗರೆದ, ಕೊನೆಗೆ ಜಕ್ಕವ್ವನ ದನಿಯಲ್ಲೇ ಅತ್ತ. ಕೇತಯ್ಯ ಬಾಯಿ ಬಿಡಲಿಲ್ಲ. ಪಾಚಿ ಎದೆಗೆ ಬಂತು, ಕತ್ತಿಗೆ ಬಂತು.

ಎಲ್ಲೋ ಮೇಲೆ ಗುಡುಗಿದ ಹಾಗಾಯಿತು. ಬಾಗಿಲಿನಿಂದ ತಣ್ಣನೆಯ ಗಾಳಿ ಬೀಸಿತು. ಹಿಂದೆಯೇ ಒಂದು ಒದ್ದೆ ಪಾದ ಬರವುಗಲ್ಲಿನ ಮೇಲೆ ಬಿತ್ತು, ಕೇತಯ್ಯನ ಕಾಲು ನೆಲ ಬಿಟ್ಟಿತು.

"ಅಯ್ಯೋ, ಇದೇನು ನಿಮ್ಮ ಅವತಾರ," ಎಂದಳು ಜಕ್ಕವ್ವ. ತಲೆಯಿಂದ ಕಾಲಿನ ತನಕ ನೀರು ಸುರಿಯುತ್ತಿತ್ತು. "ಕವಲಿನ ಹತ್ತಿರ ತಲೆಯ ಮೇಲೆ ಒಂದು ಒಣಗಿದ ತೂಬು. ಹಾದಿ ನೆಲದ ಮೇಲೇ ಇರಬೇಕೆಂದು ಯಾರು ಹೇಳಿದರು ನಿಮಗೆ? ದೀಪ ಊದಿ ಇಟ್ಟು ಹತ್ತಿದೆ. ಕೋಣೆಗೆ ಓಲೆ ಕೊಟ್ಟೆ. ನೀರು ಎದ್ದಿತು."

ಇಂಗಳಯ್ಯನಿಗೆ ಆ ದಿನದ ತುತ್ತು ಸಿಕ್ಕಲಿಲ್ಲ. ಯಾರೂ ಬರುವುದಿಲ್ಲವೆಂದ ಅವನ ಮಾತೇ ಸುಳ್ಳಾಗಿ, ಕದ್ದು ತಿಂದ ಆಯುಸ್ಸೆಲ್ಲ ಒಂದೇ ಉಸಿರಿಗೆ ಖಾಲಿಯಾಯಿತು. ಬಾಗಿಲ ಸಂದಿಯಿಂದ ಒಂದು ಹಿಡಿ ಬೂದಿ ಹಾರಿಬಂತು, ಅಷ್ಟೇ. ಸಿಂಹದ ಕಣ್ಣು ಆರಿತು, ಎರಡೂ ಕೋಣೆಗಳ ಗೋಡೆ ಬಿರಿದು ಬಿತ್ತು, ಕಲ್ಲಾದವರು ಮೈ ಮುರಿದು ಎದ್ದರು. ಕುದುರೆ ನಿಂತಿತು. ಸಾಕಬ್ಬೆಯ ತಮ್ಮ ತಲೆ ತಿರುಗುತ್ತ ಇಳಿದು, ಬಿದ್ದ ಗೋಡೆ ದಾಟಿ ಬಂದು, "ಬಂದೆ ಅಕ್ಕಾ" ಎಂದ.

"ಎಷ್ಟು ಹೊತ್ತೋ," ಎಂದು ಸಾಕಬ್ಬೆ ಅವನ ಬೆನ್ನಿಗೊಂದು ಗುದ್ದಿದಳು.

ಮೇಲೆ ಸೋಗೆಪುರದ ಬಾವಿಗಳಲ್ಲಿ ನೀರು ಏರುತ್ತಿತ್ತು. ಜನ ಕೊಡ ಹಿಡಿದು ಬಂದವರು ಇಳಿಬಿಡುವುದನ್ನು ಮರೆತು, ಕತ್ತಲೆಯಿಂದ ಮೇಲೇರಿ ಬರುತ್ತಿದ್ದ ಆಕಾಶವನ್ನೇ ನೋಡುತ್ತ ನಿಂತರು. ಆ ನೀರು ಕುಡಿದವರೆಲ್ಲ ತಣ್ಣಗೆ ಬಾಳಿದರು. ಕೇತಯ್ಯ ಮತ್ತು ಜಕ್ಕವ್ವ ಕೋಟೆಯ ಪಟವನ್ನು ಮೊದಲಿನಿಂದ ಬರೆಯಲು ಕೂತರು. ಅದು ಬಹಳ ವರ್ಷದ ಕೆಲಸ. ಅವನು ಗೆರೆ ಎಳೆಯುವ ಮುನ್ನ ಪ್ರತಿ ಸಲ ಕೈ ತಡೆದು ಅವಳ ಮುಖ ನೋಡುತ್ತಿದ್ದ. ಅವಳು ಮೊದಲು ಮೇಲಕ್ಕೆ ನೋಡುತ್ತಿದ್ದಳು.