ಆಯಿಯ ಕಾಲಿನ ಅಳತೆ

"ಬೇಡ! ಅದನ್ನ ಕೊಯ್ಬೇಡಿ!"

ವಿನುತಾ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಡಗಡೆಯ ಫುಟ್‌ರೆಸ್ಟನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು. ಪ್ರಕಾಶಣ್ಣ ಕಟಿಂಗ್ ಮಶಿನ್ ಆಫ್ ಮಾಡಿದ. ಕುಮಟೆಯ ಬಸ್ ಸ್ಟ್ಯಾಂಡ್ ಹಿಂದಿರುವ ಅವನ ವೆಲ್ಡಿಂಗ್ ಶಾಪಿನಲ್ಲಿ ಒಮ್ಮೆಲೇ ಸದ್ದು ನಿಂತಿತು.

"ಎಂತ ಆತು ಮಗಾ?"

"ಇದು ಅಪ್ಪನ ಬೈಕು."

"ನಂಗೆ ಗೊತ್ತಿಲ್ವಾ? ಈ ಫುಟ್‌ರೆಸ್ಟ್ ಇಲ್ಲಿ ಕೂರ್ಸಿದ್ದೇ ನಾನು," ಎಂದ ಪ್ರಕಾಶಣ್ಣ. "ಕಂಪನಿಯವ್ರು ಇಟ್ಟ ಜಾಗದಲ್ಲಿ ನಿನ್ನ ಅಪ್ಪನ ಕಾಲು ಹಿಡೀತಿರಲಿಲ್ಲ. ತಿರುವಿನಲ್ಲಿ ಮೊಣಕಾಲು ಹ್ಯಾಂಡಲ್‌ಗೆ ಬಡೀತಿತ್ತು. ಅದಕ್ಕೇ ಮುಂದೆ ತಂದು, ಸ್ವಲ್ಪ ಕೆಳಗಿಳಿಸಿ ಕೊಟ್ಟಿದ್ದೆ."

ಅಪ್ಪನ ಹೆಸರು ಶನಿಯಾರ, ಅಷ್ಟು ಎತ್ತರದವನು. ತಮ್ಮ ಊರು ಬಾಡದಲ್ಲಿ ಯಾರ ಮನೆಗೆ ಹೋದರೂ ಬಾಗಿಲಲ್ಲಿ ತಲೆ ತಗ್ಗಿಸಬೇಕಿತ್ತು. ದಿನಾ ಬೆಳಿಗ್ಗೆ ಕುಮಟೆಯ ಬೇಕರಿಯಿಂದ ಬುಟ್ಟಿ ತುಂಬ ಪಾವ್ ತುಂಬಿಕೊಂಡು, ಪೋಂ ಪೋಂ ಎಂದು ರಬ್ಬರ್ ಹಾರ್ನ್ ಒತ್ತುತ್ತ ಬಾಡ, ಕಾಗಾಲದ ಕೇರಿಗಳಲ್ಲೆಲ್ಲ ಮಾರಿ ಬರುತ್ತಿದ್ದ. ಮಳೆಗಾಲದಲ್ಲಿ ಅವನಿಗೆ ಜಾಂಡೀಸ್ ಆಯಿತು. ಆಸ್ಪತ್ರೆಗೆ ಹೋದವನು ತಿರುಗಿ ಮನೆಗೆ ಬರಲಿಲ್ಲ.

ಈಗ ಆಯಿ ಪಾವ್ ಮಾರಲು ಹೊರಟಿದ್ದಾಳೆ. ಆಯಿ ಅಂದರೆ ಗಂಗೆ, ವಿನುತಾಳ ಅಮ್ಮ. ನಿಂತರೆ ಅಪ್ಪನ ಎದೆಯವರೆಗೂ ಬರುತ್ತಿರಲಿಲ್ಲ. ಮಹಾದೇವ ಮಾಮ ಶಾಲೆಯ ಬಯಲಿನಲ್ಲಿ ಅವಳಿಗೆ ಬೈಕು ಕಲಿಸಿದ್ದ. ಲೈಸೆನ್ಸೂ ಆಗಿತ್ತು. ಆದರೆ ಬೈಕು ಮಾತ್ರ ಅವಳ ಅಳತೆಯದಾಗಿರಲಿಲ್ಲ.

"ಆಯಿ, ನೀನು ಎಲ್ಲಾ ತೆಗೆದು ಹಾಕ್ತೆ," ಎಂದು ವಿನುತಾ ಪಕ್ಕದಲ್ಲಿ ನಿಂತಿದ್ದ ಅವಳ ಕಡೆ ತಿರುಗಿದಳು. "ಅಪ್ಪನ ಅಂಗಿ ಎಲ್ಲಾ ಮಾಮನಿಗೆ ಕೊಟ್ಟೆ. ಮಂಚ ಮಡಚಿ ಅಟ್ಟಕ್ಕೆ ಹಾಕ್ದೆ. ಈಗ ಇದೂನಾ? ನಿಂಗೆ ಒಂಚೂರೂ ಬೇಜಾರೇ ಇಲ್ಲ!"

ಆಯಿ ಬಗ್ಗಿ ಚೂಡಿದಾರದ ಪ್ಯಾಂಟನ್ನು ಮೊಣಕಾಲಿನ ತನಕ ಎತ್ತಿದಳು.

ಎರಡೂ ಕಾಲಿನ ಮುಂಭಾಗದಲ್ಲಿ ಕಪ್ಪು ನೀಲಿ ಕಲೆಗಳು. ಕೆಲವು ಹಳತಾಗಿ ಹಳದಿ ತಿರುಗಿದ್ದವು. ಒಂದು ಕಡೆ ಚರ್ಮ ಕಿತ್ತು ಹೋಗಿ ಹಕ್ಕಳೆ ಕಟ್ಟಿತ್ತು.

"ಬೈಕು ನಿಲ್ಲಿಸ್ವಾಗ ಗಡಿಬಿಡೀಲಿ ಕಾಲು ಕೆಳಗಿಡ್ತೆ. ಅಷ್ಟರಲ್ಲಿ ಈ ಫುಟ್‌ರೆಸ್ಟ್ ಬಂದು ಬಡೀತದೆ," ಎಂದಳು ಆಯಿ. "ಎರಡು ಸಲ ಬಿದ್ದೂ ಬಿದ್ದೆ. ನೀನು ಶಾಲೆಗೆ ಹೋಗಿದ್ದೆ."

ವಿನುತಾ ಆ ಕಾಲನ್ನೇ ನೋಡಿದಳು. ನಿಧಾನವಾಗಿ ಫುಟ್‌ರೆಸ್ಟ್ ಬಿಟ್ಟಳು.

"ಗಂಗಕ್ಕ, ಸ್ಕೂಟಿ ಆಗಿದ್ರೆ ಸುಲಭ ಇತ್ತು," ಎಂದ ಪ್ರಕಾಶಣ್ಣ.

"ಇದ್ದದ್ದು ಇದೊಂದೇ ಅಲ್ದಾ ತಮ್ಮಾ. ಇದನ್ನೇ ಸರಿ ಮಾಡು."

ಆಯಿ ಬೈಕು ಹತ್ತಿ ಕೂತಳು. ಪ್ರಕಾಶಣ್ಣ ಮೊದಲು ಸೀಟಿನ ಒಳಗಿನ ಸ್ಪಂಜು ಕೊಯ್ದು ತೆಳ್ಳಗೆ ಮಾಡಿದ. ಮತ್ತೆ ಅವಳನ್ನು ಕೂರಿಸಿ, "ಕಾಲು ಆರಾಮ ಎಲ್ಲಿಗೆ ಬರ್ತದೋ ಅಲ್ಲೇ ಇಡಿ. ಹುಡುಕ್ಬೇಡಿ," ಎಂದ. ಗಾಳಿಯಲ್ಲಿ ನಿಂತ ಆ ಪಾದದ ಕೆಳಗೆ ಸ್ಕೇಲ್ ಹಿಡಿದು, ಚಾಕ್‌ಪೀಸಿನಿಂದ ಗುರುತು ಹಾಕಿದ. ಅಪ್ಪನ ಕಾಲಿದ್ದ ಜಾಗಕ್ಕಿಂತ ಅದು ಒಂದು ಗೇಣು ಹಿಂದೆ, ಮತ್ತೆ ಮೇಲೆ.

"ಮಗಾ, ಕಣ್ಣು ಮುಚ್ಕ," ಎಂದು ಅವನು ಮುಖಕ್ಕೆ ಮಾಸ್ಕ್ ಎಳೆದುಕೊಂಡ. ಎಳೆದುಕೊಳ್ಳುವ ಮೊದಲು ತೋಳಿನಿಂದ ಕಣ್ಣು ಒರೆಸಿಕೊಂಡದ್ದು ವಿನುತಾಳಿಗೆ ಕಂಡಿತು.

ಅವಳು ಬೆನ್ನು ತಿರುಗಿಸಿ ನಿಂತಳು. ಮಶಿನ್ ಕಿರ್ ಎಂದು ಕಿರುಚಿತು. ಕಬ್ಬಿಣದ ತುಂಡು ಠಣ್ ಎಂದು ಬಿತ್ತು. ಆಮೇಲೆ ಚರಚರ ಸದ್ದು, ಸುಟ್ಟ ವಾಸನೆ.

ಗೇರಿನ ಪೆಡಲೂ, ಬ್ರೇಕಿನ ಪೆಡಲೂ ಹಿಂದೆ ಬಂದವು. ಆಯಿ ಶಾಪಿನ ಎದುರು ಒಂದು ಸುತ್ತು ಹೊಡೆದು ಬಂದಳು. ನಿಲ್ಲಿಸುವಾಗ ಕಾಲು ಎಲ್ಲಿಗೂ ತಾಗದೆ ನೆಟ್ಟಗೆ ನೆಲಕ್ಕೆ ಬಂತು. ಬೈಕು ಅಲುಗಲಿಲ್ಲ.

"ಆತು," ಎಂದಳು ಆಯಿ. ಅಷ್ಟೇ. ನಗಲಿಲ್ಲ.

*

ಭಾನುವಾರ ಆಯಿಯ ಮೊದಲ ದಿನ. ಶಾಲೆ ಇರಲಿಲ್ಲ. "ನಾನೂ ಬರ್ತೆ," ಎಂದು ವಿನುತಾ ಹಟ ಹಿಡಿದು, ಆಯಿಗೂ ಬುಟ್ಟಿಗೂ ನಡುವೆ ತೂರಿಕೊಂಡು ಕೂತಳು. ಬೆನ್ನಿಗೆ ಪಾವಿನ ಬಿಸಿ ತಾಗುತ್ತಿತ್ತು.

ಬಾಡದಲ್ಲಿ ಏನೂ ತೊಂದರೆ ಆಗಲಿಲ್ಲ. ಅಲ್ಲಿ ಎಲ್ಲರಿಗೂ ಎಲ್ಲ ಗೊತ್ತಿತ್ತು. ಹೆಂಗಸರು ಬಂದು ಪಾವ್ ತೆಗೆದುಕೊಂಡರು. "ಧೈರ್ಯ ಮಾಡ್ದೆ ನೋಡು ಗಂಗೆ," ಎಂದರು.

ಕಾಗಾಲದಲ್ಲಿ ಮೊದಲ ಮನೆ ಈರಜ್ಜಿಯದು. ಆಯಿ ಹಾರ್ನ್ ಒತ್ತಿದಳೋ ಇಲ್ಲವೋ, ಅಜ್ಜಿ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದೇ ಬಿಟ್ಟಳು. ಅವಳ ಕಣ್ಣು ಮಂಜಾಗಿತ್ತು. ಅದೇ ಬೈಕು, ಅದೇ ಹಾರ್ನು, ಮೇಲೆ ಹೆಲ್ಮೆಟ್ ಹಾಕಿದ ಒಂದು ತಲೆ. ಅಜ್ಜಿಯ ಬೊಚ್ಚು ಬಾಯಿ ತುಂಬ ನಗು.

"ಏ ಶನಿಯಾರಾ! ಇಷ್ಟು ದಿನ ಎಲ್ಲಿ ಸತ್ತೋಗಿದ್ಯೋ? ಚಾಕ್ಕೆ ಪಾವಿಲ್ದೆ ನನ್ನ ಬಾಯೆಲ್ಲ ಕೆಟ್ಟೋಯ್ತು!"

ಆಯಿ ಇಳಿದು ಹೆಲ್ಮೆಟ್ ತೆಗೆದಳು.

"ಅಜ್ಜೀ, ನಾನು ಗಂಗೆ. ಪಾವ್ ತರ್ತಿದ್ರಲ್ಲ, ಅವ್ರ ಹೆಂಡ್ತಿ. ಅವ್ರು ಇಲ್ಲ."

"ಇಲ್ಲ ಅಂದ್ರೆ? ಊರಿಗೆ ಹೋಗಿದ್ದಾನಾ?"

ಆಯಿ ಅಜ್ಜಿಯ ಕಿವಿಯ ಹತ್ತಿರ ಬಗ್ಗಿದಳು. "ತೀರ್ಕೊಂಡ್ರು ಅಜ್ಜಿ. ಮಳೆಗಾಲದಲ್ಲಿ."

ಅಜ್ಜಿ ತನ್ನ ಬಾಯಿಗೆ ತಾನೇ ಪಟಪಟ ಹೊಡೆದುಕೊಂಡಳು. "ಅಯ್ಯೋ, ನನ್ನ ನಾಲಿಗೆಗೆ ಬೆಂಕಿ ಬೀಳ! ಎಂತ ಅಂದ್ಬಿಟ್ಟೆ ನಾನು!" ಎಂದು ಅಳತೊಡಗಿದಳು. ಆಯಿ ಅವಳ ಕೈ ಹಿಡಿದು, "ನಿಮಗೆ ಗೊತ್ತಿರಲಿಲ್ಲ ಅಲ್ದಾ ಅಜ್ಜಿ, ಅಳ್ಬೇಡಿ," ಎಂದು ಜಗಲಿಯ ಮೇಲೆ ಕೂರಿಸಿದಳು. ದುಪಟ್ಟಾದ ತುದಿಯಿಂದ ಅಜ್ಜಿಯ ಕಣ್ಣೊರೆಸಿ, ಪಾವ್ ಕೊಟ್ಟು ಬಂದಳು. ಆಯಿಯ ಕಣ್ಣಲ್ಲಿ ಮಾತ್ರ ನೀರು ಬರಲಿಲ್ಲ.

ಬೈಕು ಮತ್ತೆ ಹೊರಟಿತು. ಗದ್ದೆಯ ನಡುವಿನ ಹೊಸ ಡಾಂಬರು ರಸ್ತೆ. ಒಂದು ಗುಂಡಿಯೂ ಇರಲಿಲ್ಲ. ಆದರೂ ವಿನುತಾ ಹಿಡಿದುಕೊಂಡಿದ್ದ ಆಯಿಯ ಹೊಟ್ಟೆ ಅದುರುತ್ತಿತ್ತು. ಬೆನ್ನು ತಡೆದು ತಡೆದು ನಡುಗುತ್ತಿತ್ತು. ಹೆಲ್ಮೆಟಿನ ಒಳಗಿಂದ ಮೂಗು ಎಳೆದುಕೊಳ್ಳುವ ಸದ್ದು ಬಂತು.

ವಿನುತಾ ಆ ಬೆನ್ನಿಗೆ ಕೆನ್ನೆ ಆನಿಸಿಕೊಂಡು ಕೂತಳು. ಮುಂದೆ ತೆಂಗಿನ ಮರಗಳ ನಡುವೆ ಸಾಲಾಗಿ ಮನೆಗಳು ಕಾಣುತ್ತಿದ್ದವು. ಅಷ್ಟೂ ಮನೆಗಳಿಗೆ ಅಪ್ಪ ಪಾವ್ ಕೊಡುತ್ತಿದ್ದ. ಅಷ್ಟೂ ಮನೆಯವರು ಅಪ್ಪನನ್ನು ಕೇಳುತ್ತಾರೆ.

ಆ ಸಾಲಿನ ಮೊದಲ ಮನೆಯ ಗೇಟಿನಲ್ಲಿ ಒಬ್ಬ ಮಾವ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದ. "ಓ, ಪಾವ್ ಬಂತಾ! ಎಂತ, ಶನಿಯಾರನ ರಜೆ ಇನ್ನೂ ಮುಗಿದಿಲ್ವಾ?" ಎಂದು ನಕ್ಕ.

ಆಯಿಯ ಕೈ ಹೆಲ್ಮೆಟಿನ ಪಟ್ಟಿಯ ಮೇಲೆ ನಿಂತುಬಿಟ್ಟಿತು. ವಿನುತಾ ಕೆಳಗೆ ಜಾರಿ ಮುಂದೆ ಹೋದಳು.

"ಅಪ್ಪ ತೀರ್ಕೊಂಡ," ಎಂದಳು. "ಜಾಂಡೀಸ್ ಆಗಿತ್ತು. ಇನ್ಮೇಲೆ ಆಯಿನೇ ಪಾವ್ ತರ್ತಾಳೆ. ನಿಮಗೆ ಎಷ್ಟು ಬೇಕು?"

ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮಾವನ ನಗು ಮಾಯವಾಯಿತು. ಅವನು ಡಬ್ಬಿ ಚಾಚಿದ. ಹಿಂದೆ ಆಯಿ ಬುಟ್ಟಿಯ ಪ್ಲಾಸ್ಟಿಕ್ ಸರಿಸಿದ್ದು ಕೇಳಿಸಿತು.

ಮುಂದಿನ ಮನೆಯ ಎದುರು ಬೈಕು ನಿಂತ ಕೂಡಲೇ ವಿನುತಾಳೇ ಮೊದಲು ಇಳಿದಳು.