ಹಿಮಬೆಟ್ಟಕ್ಕೆ ಬೀರವ್ವ ಕಟ್ಟಿದ ಗಂಟು

ಬಹಳ ಕಾಲದ ಹಿಂದೆ ಕುಂಭಾವತಿ ಎಂಬ ರಾಜ್ಯವಿತ್ತು. ಅದರ ಉತ್ತರದ ಹಿಮಬೆಟ್ಟದಲ್ಲಿ ಶೀತಕೇತನೆಂಬ ಮಾಂತ್ರಿಕನಿದ್ದ. ಒಂದು ದಿನ ಅವನು ಊರೂರಿನ ಒಲೆಗಳ ಬೆಂಕಿಯನ್ನೆಲ್ಲ ಕದ್ದು, ಮಂಜಿನ ಗಡಿಗೆಯಲ್ಲಿ ಮುಚ್ಚಿಟ್ಟ. ಆಮೇಲೆ ಯಾರು ಎಷ್ಟು ಊದಿದರೂ ಒಲೆ ಹೊತ್ತಲಿಲ್ಲ.

ರಾಜ ನೂರು ಸೈನಿಕರನ್ನು ಬೆಟ್ಟಕ್ಕೆ ಕಳಿಸಿದ. ಒಬ್ಬನೂ ಮರಳಲಿಲ್ಲ. ಅವರಲ್ಲಿ ಕಂಬಳಿ ನೇಯುವ ಬೀರವ್ವನ ತಮ್ಮ ಮಾಳಿಂಗನೂ ಇದ್ದ.

ಬೀರವ್ವ ನೆಟ್ಟಗೆ ಅರಮನೆಗೆ ನಡೆದಳು. "ನನ್ನ ತಮ್ಮನಿಗೆ ಏನು ತೊಡಿಸಿ ಕಳಿಸಿದಿರಿ?"

ಮಂತ್ರಿ ಚಂಡವರ್ಮ ಮೀಸೆ ತಿರುವಿದ. "ರೇಷ್ಮೆ ಅಂಗಿ, ಕಂಚಿನ ಕವಚ. ನೋಡಲು ಎರಡು ಕಣ್ಣು ಸಾಲದು!"

"ಕಾಲಿಗೆ?"

"ವೀರರಿಗೆ ಚಳಿಯೇನೇ?"

ಬೀರವ್ವನ ಮೈ ಉರಿದುಹೋಯಿತು. "ಕುರಿಮರಿಗೂ ಚಳಿಗಾಲದಲ್ಲಿ ಗೋಣಿ ಹೊದಿಸುತ್ತೇವೆ ನಾವು. ನೀವು ಮನುಷ್ಯರನ್ನು ಮೆರವಣಿಗೆಗೆ ಸಿಂಗರಿಸಿ ಸಾಯಲು ಕಳಿಸಿದಿರಿ! ನಾನೇ ಹೋಗುತ್ತೇನೆ."

ರಾಜ ತಲೆ ತಗ್ಗಿಸಿದ.

ಅವಳು ಹಲ್ಲು ಕಚ್ಚಿಕೊಂಡೇ ಸಿದ್ಧಳಾದಳು. ಮೈಗೆ ಮೆತ್ತನೆಯ ಉಣ್ಣೆ ಅಂಗಿ, ಅದರ ಮೇಲೆ ದಪ್ಪ ನಿಲುವಂಗಿ, ಅದರ ಮೇಲೆ ಕರಿಕಂಬಳಿ, ಕಾಲಿಗೆ ತುಪ್ಪಳದ ಜೋಡು. ಇಂಥದೇ ಇನ್ನೊಂದು ಜೊತೆಯನ್ನು ಮೇಣ ಸವರಿದ ಅರಿವೆಯಲ್ಲಿ ಸುತ್ತಿದಳು. ತೊಗಲಿನ ಡೇರೆ, ಕಬ್ಬಿಣದ ಗೂಟ, ಹುರಿಹಿಟ್ಟು, ಬೆಲ್ಲ ಎಲ್ಲ ಗಂಟಿಗೆ ಸೇರಿದವು.

"ಯುದ್ಧಕ್ಕೆ ಹೊರಟೆಯೋ, ಮನೆ ಖಾಲಿ ಮಾಡಿಕೊಂಡೋ?" ಎಂದು ಮಂತ್ರಿ ನಕ್ಕ. ಬೀರವ್ವ ಅವನ ಕುತ್ತಿಗೆಯೇ ಸಿಕ್ಕಿತೆಂಬಂತೆ ಗಂಟಿನ ಹಗ್ಗ ಬಿಗಿದಳು.

ಮೊದಲ ದಿನ ಗಾಳಿಕರಡಿ ಎದುರಾಯಿತು. "ಒಂದೇ ಉಸಿರಿಗೆ ಹಾರಿಸಿಬಿಡುವೆ!" ಎಂದಿತು. ಬೀರವ್ವ ಬಂಡೆಗೆ ಗೂಟ ಬಡಿದು ಡೇರೆಯೊಳಗೆ ಕೂತಳು. ಕರಡಿ ಊದಿ ಊದಿ ಸುಸ್ತಾಗಿ ಬಿತ್ತು.

ಎರಡನೆಯ ದಿನ ಹೊಳೆಯ ಮಾಯಾವಿನಿ ಅವಳನ್ನು ನೀರಿಗೆಳೆದಳು. "ಒದ್ದೆಯಾದವರೆಲ್ಲ ನನ್ನವರು!"

"ನಿನ್ನ ಮನೆ ಹಾಳಾಗ!" ಎಂದು ಬೈಯುತ್ತಲೇ ಬೀರವ್ವ ದಡ ಹತ್ತಿ ಒಣಬಟ್ಟೆ ತೊಟ್ಟಳು. ಮಾಯಾವಿನಿಯ ಹಿಡಿತ ಜಾರಿತು.

ಮೂರನೆಯ ದಿನ ಗುಹೆ ಸಿಕ್ಕಿತು. ಒಳಗೆ ನೂರು ಸೈನಿಕರು ಮಂಜಿನ ಬೊಂಬೆಗಳಾಗಿ ನಿಂತಿದ್ದರು. ಮಾಳಿಂಗನ ಕಾಲು ಬರಿಗಾಲು. ಅದನ್ನು ಕಂಡ ಬೀರವ್ವನಿಗೆ ಅಳು ಬರಲಿಲ್ಲ, ಕಣ್ಣು ಕೆಂಪಗಾಯಿತು.

ಗಡಿಗೆಯ ಪಕ್ಕದಿಂದ ಎದ್ದ ಶೀತಕೇತ ಅವಳತ್ತ ಹಿಮದ ಉಸಿರು ಬಿಟ್ಟ. ಕಂಬಳಿ ಹೆಪ್ಪುಗಟ್ಟಿತು. ಅವಳು ಅದನ್ನು ಕಿತ್ತೆಸೆದು ಮುಂದೆ ಬಂದಳು. ಮತ್ತೆ ಉಸಿರು ಬಿಟ್ಟ. ನಿಲುವಂಗಿ ಹೆಪ್ಪುಗಟ್ಟಿತು. ಅದನ್ನೂ ಎಸೆದಳು. ಮೂರನೆಯ ಉಸಿರು ಅವಳನ್ನು ಮುಟ್ಟುವ ಮೊದಲೇ ತೀರಿಹೋಯಿತು.

"ಎಷ್ಟು ತೊಟ್ಟು ಬಂದಿದ್ದೀಯೇ!" ಎಂದು ಅವನು ಚೀರಿದ.

"ನನ್ನ ತಮ್ಮನಿಗೆ ಕೊಡದಷ್ಟು!" ಎಂದು ಅವಳು ಗಡಿಗೆಯನ್ನು ಒದ್ದಳು.

ಗಡಿಗೆ ಒಡೆದು ಬೆಂಕಿ ಹಾರಿತು. ಶೀತಕೇತ ಕರಗಿ ಕೆಸರಾದ. ಸೈನಿಕರು ಒಬ್ಬೊಬ್ಬರಾಗಿ ಉಸಿರಾಡಿದರು. "ಅಕ್ಕಾ..." ಎಂದ ಮಾಳಿಂಗ.

ಕೋಟೆಯ ಬಾಗಿಲಲ್ಲಿ ರಾಜನ ಪಕ್ಕ ಮಂತ್ರಿ ಹಾರ ಹಿಡಿದು ನಿಂತಿದ್ದ. ಬೀರವ್ವ ಅದನ್ನು ಕಿತ್ತು ನೆಲಕ್ಕೆಸೆದಳು. "ಏಳು ಜನರ ಕಾಲ್ಬೆರಳು ಕಪ್ಪಾಗಿ ಸತ್ತಿವೆ. ಅವನ್ನು ಮೊದಲು ನೋಡಿ!"

ರಾಜ ನೋಡಿದ. ನಿಂತ ನಿಲುವಿನಲ್ಲೇ ಮಂತ್ರಿಯನ್ನು ರಾಜ್ಯದಿಂದ ಹೊರಗಟ್ಟಿದ. "ನಿನಗೇನು ಬೇಕು, ತಾಯಿ?"

"ಮೊದಲು ಇವರಿಗೆ ಬಿಸಿ ಗಂಜಿ. ಬಡಿಸುವವರು ನೀವೇ."

ರಾಜ ಶಲ್ಯ ಸೊಂಟಕ್ಕೆ ಸುತ್ತಿ ಸೌಟು ಹಿಡಿದ. ನೂರು ಜನಕ್ಕೂ ಬಗ್ಗಿ ಬಗ್ಗಿ ಬಡಿಸಿದ. ಮಾಳಿಂಗನ ಮುಂದೆ ಬಂದಾಗ, "ತಪ್ಪಾಯಿತಪ್ಪಾ" ಎಂದ. ಆಗ ಬೀರವ್ವನ ಹುಬ್ಬಿನ ಗಂಟು ಸಡಿಲವಾಯಿತು.

ಅಂದಿನಿಂದ ಆ ನಾಡಿನಲ್ಲಿ ಯಾರ ಒಲೆಯೂ ಆರಲಿಲ್ಲ. ಎಲ್ಲರೂ ಹೊಟ್ಟೆ ತುಂಬ ಉಂಡು, ಬೆಚ್ಚಗೆ ಮಲಗಿ, ಸುಖವಾಗಿ ಬಾಳಿದರು.